ಬಾವ್-ಚೂ ಚಿಕ್ಕಮ್ಮನ ಎರಡು ಪ್ಲಸ್

ಯೆನ್ ಬಾವ್-ಚೂ ಆ ಬಸ್ಸು ಹತ್ತಿದ್ದು ತನಗೋಸ್ಕರ ಅಲ್ಲ, ಬೀದಿಯ ಹೆಂಗಸರಿಗೆ ಧೈರ್ಯ ಬರಲಿ ಅಂತ.

ತೈನಾನ್ ನಗರದ ಹಳೇ ಪೇಟೆಯ ನಮ್ಮ ದೇವಸ್ಥಾನದ ಅಂಗಳಕ್ಕೆ ಎರಡು ವರ್ಷಕ್ಕೊಮ್ಮೆ, ಕ್ಯಾನ್ಸರ್ ಗಂಟು ಇದೆಯೇ ಅಂತ ನೋಡಲು, ಹೆಂಗಸರ ಸ್ತನದ ಎಕ್ಸ್‌ರೇ ತೆಗೆಯುವ ಬಸ್ಸು ಬರುತ್ತದೆ. ಆ ಸಲ ಬೆಳಗ್ಗೆ ಎಂಟಕ್ಕೇ ಬಾಗಿಲು ತೆರೆದುಕೊಂಡು ನಿಂತಿದ್ದರೂ ಹತ್ತು ಗಂಟೆಯಾದರೂ ಒಬ್ಬಳೂ ಹತ್ತಲಿಲ್ಲ. ಸೋಯಾ ಹಾಲಿನ ಲೋಟ ಹಿಡಿದು ಹೆಂಗಸರೆಲ್ಲ ದೂರದಲ್ಲಿ ಗುಂಪಾಗಿ ನಿಂತು, ನುಂಗಲು ಬಂದ ಪ್ರಾಣಿಯನ್ನು ನೋಡುವಂತೆ ಅದನ್ನು ನೋಡುತ್ತಿದ್ದರು. ದೇವಸ್ಥಾನದ ಸಮಿತಿಯ ಯಜಮಾನರು ಬೆವರು ಒರೆಸಿಕೊಳ್ಳುತ್ತ ಬಾವ್-ಚೂ ಹತ್ತಿರ ಬಂದರು.

"ನೀನು ಹತ್ತಿದ್ರೆ ಎಲ್ರೂ ಹತ್ತುತ್ತಾರೆ ಬಾವ್-ಚೂ."

"ನನಗೆ ಅರವತ್ತಾರು. ನನ್ನ ಹತ್ರ ಏನಿದೆ ಅಂತ ನೋಡ್ತಾರೆ?"

"ಏನೂ ಇಲ್ಲ ಅಂತ ಹೇಳೋಕೇ ಬಸ್ಸು ಬಂದಿರೋದು."

ಅವಳು ಹತ್ತಿದಳು. ಹತ್ತು ನಿಮಿಷಕ್ಕೆ ಇಳಿದು ಬಂದು ಮೆಟ್ಟಿಲ ಮೇಲೇ ನಿಂತು, ರವಿಕೆಯ ಗುಂಡಿ ಹಾಕಿಕೊಳ್ಳುತ್ತ, ಅಂಗಳಕ್ಕೆಲ್ಲ ಕೇಳುವಂತೆ ಸಾರಿದಳು: "ಕೇಳ್ರೇ! ಒಣಮೀನನ್ನ ರೋಲರಿಗೆ ಕೊಟ್ಟ ಹಾಗೆ ಒತ್ತುತ್ತಾರೆ. ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ. ನಿಮ್ಮ ಗಂಡಂದಿರು ಹಾಡು ಹೇಳೋದನ್ನ ಕೇಳೋದಕ್ಕಿಂತ ನೋವು ಕಡಿಮೆ. ಹತ್ತಿ, ಹತ್ತಿ!"

ಅವತ್ತು ನಲವತ್ತೊಂದು ಜನ ಹತ್ತಿದರು. ಮೂರು ವಾರದ ನಂತರ ಅವರಲ್ಲಿ ನಲವತ್ತು ಮನೆಗೆ 'ಎಲ್ಲ ಸರಿಯಾಗಿದೆ' ಎಂಬ ಕಾಗದ ಬಂತು. ಒಂದು ಮನೆಗೆ ಮಾತ್ರ 'ಆಸ್ಪತ್ರೆಗೆ ಬನ್ನಿ' ಅಂತ ಬಂತು.

"ಎಲ್ರನ್ನೂ ಹತ್ತಿಸಿದವಳು ನಾನು. ಹಿಡಿದುಕೊಳ್ಳೋಕೆ ನಾನೇ ಸಿಕ್ಕಿದ್ನಾ?" ಅಂತ ಅವಳು ಮೊದಲ ದಿನವೇ ನನ್ನ ಮೇಲೆ ರೇಗಿದಳು, ಬಸ್ಸು ನನ್ನದೇ ಏನೋ ಎಂಬಂತೆ.

ನಾನು ಹ್ಸು ಯಾ-ಲಿಂಗ್. ಆಸ್ಪತ್ರೆಯ ಸ್ತನ ವಿಭಾಗದಲ್ಲಿ ನರ್ಸು. ಗಂಟು ಸಿಕ್ಕ ದಿನದಿಂದ ಚಿಕಿತ್ಸೆ ಮುಗಿಯುವ ದಿನದವರೆಗೆ ಒಬ್ಬೊಬ್ಬ ರೋಗಿಯ ಜೊತೆಗೂ ಇದ್ದು, ತಾರೀಕು ನೆನಪಿಸಿ, ಕಾಗದ ತರಿಸಿ, ಅಳುವವರಿಗೆ ಕರ್ಚೀಫು ಕೊಡುವುದು ನನ್ನ ಕೆಲಸ. ಬಾವ್-ಚೂ ನನಗೆ ಹೊಸಬಳಲ್ಲ. ನಾನು ಹುಟ್ಟಿ ಬೆಳೆದದ್ದು ಆ ದೇವಸ್ಥಾನದ ಹಿಂದಿನ ಎರಡನೇ ಓಣಿಯಲ್ಲಿ. ಇಡೀ ಪೇಟೆಯ ಹಾಗೆ ನಾನೂ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದೆ.

ಅವಳು ಚೀಟಿ ಓದುವವಳು. ದೇವರ ಮುಂದೆ ಬಿದಿರು ಕಡ್ಡಿ ಎತ್ತಿದವರಿಗೆ ಅರವತ್ತರಲ್ಲಿ ಒಂದು ಚೀಟಿ ಬರುತ್ತದೆ. ಅದರಲ್ಲಿ ನಾಲ್ಕು ಸಾಲಿನ ಹಳೇ ಪದ್ಯ, ಯಾರಿಗೂ ತಲೆಬುಡ ತಿಳಿಯದ್ದು. ಅದನ್ನು ಬಿಡಿಸಿ ಹೇಳಲು ಪಕ್ಕದ ಮೂಲೆಯಲ್ಲಿ ಒಂದು ಮೇಜು, ಒಂದು ಫ್ಯಾನು, ಬಾವ್-ಚೂ. ಮೂವತ್ತು ವರ್ಷ ಅಲ್ಲೇ ಕೂತಿದ್ದಳು. ಅವಳಿಗೆ ಎರಡು ಕಟ್ಟುಪಾಡು. ಸುಳ್ಳು ಹೇಳುವುದಿಲ್ಲ, ಹೆದರಿಸುವುದೂ ಇಲ್ಲ. ಒಮ್ಮೆ ನೂಡಲ್ಸ್ ಅಂಗಡಿ ತೆರೆಯಲು ಹೊರಟವನೊಬ್ಬ ತೀರ ಕೆಟ್ಟ ಚೀಟಿ ಹಿಡಿದು ಅಳುಮೋರೆಯಲ್ಲಿ ಬಂದ. ಅಂಗಡಿ ಎಲ್ಲಿ, ಎದುರಿಗೆ ಏನಿದೆ, ಗಿರಾಕಿಗಳು ಸ್ಕೂಟರ್ ಎಲ್ಲಿ ನಿಲ್ಲಿಸುತ್ತಾರೆ ಅಂತೆಲ್ಲ ವಿಚಾರಿಸಿ, ಕೊನೆಗೆ "ದೇವರಿಗೆ ನಿನ್ನ ನೂಡಲ್ಸ್ ಮೇಲೆ ಸಿಟ್ಟಿಲ್ಲ ಮಗಾ, ಆ ಓಣಿ ಮೇಲೆ ಸಿಟ್ಟು. ಬೇರೆ ಜಾಗ ನೋಡು" ಅಂದಳಂತೆ. ಅವನೀಗ ಎರಡು ಅಂಗಡಿ ಇಟ್ಟಿದ್ದಾನೆ.

ಇಂಥವಳ ಕೈಗೆ ನಮ್ಮ ಫಾಂಗ್ ಡಾಕ್ಟರು, ಸೂಜಿಯಲ್ಲಿ ಗಡ್ಡೆಯ ಚೂರು ತೆಗೆದು ನೋಡಿದ ಬಯಾಪ್ಸಿಯ ವರದಿ ಕೊಟ್ಟರು.

ಫಾಂಗ್ ಡಾಕ್ಟರಿಗೆ ಆಗ ಮೂವತ್ತೈದು. ತುಂಬ ಓದಿದವರು, ಕೈ ಚುರುಕು, ಮನಸ್ಸು ಒಳ್ಳೆಯದು. ಒಂದೇ ಕೊರತೆ, ರೋಗಿಗೆ ಹೇಳುವುದನ್ನೆಲ್ಲ ಕಂಪ್ಯೂಟರ್ ಪರದೆಗೆ ಹೇಳುತ್ತಿದ್ದರು. ಅವತ್ತೂ ಪರದೆ ನೋಡುತ್ತ ಒಂದೇ ಉಸಿರಿನಲ್ಲಿ ಶುರುಮಾಡಿದರು. ಗಡ್ಡೆ ಎರಡು ಸೆಂಟಿಮೀಟರ್ ಇದೆ, ಕ್ಯಾನ್ಸರ್ ಹೌದು, ಈಸ್ಟ್ರೋಜನ್ ಗ್ರಾಹಕ ಶೇಕಡ ತೊಂಬತ್ತು ಪಾಸಿಟಿವ್, ಪ್ರೊಜೆಸ್ಟರಾನ್ ಅರವತ್ತು, ಹರ್-ಟೂ ಎರಡು ಪ್ಲಸ್, ಕೆಐ ಅರವತ್ತೇಳು ಶೇಕಡ ಹದಿನೆಂಟು. ಪ್ರಶ್ನೆ ಏನಾದ್ರೂ ಇದೆಯಾ?

ಬಾವ್-ಚೂ ಪಕ್ಕದಲ್ಲಿ ಗಂಡ ಅ-ತೆಕ್ ಕೂತಿದ್ದ. ಮೂವತ್ತು ವರ್ಷ ಸಿಟಿ ಬಸ್ಸನ್ನು ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಜೋರಾಗಿ ಓಡಿಸದೆ ನಿವೃತ್ತನಾದ ಮನುಷ್ಯ. 'ಕ್ಯಾನ್ಸರ್ ಹೌದು' ಅನ್ನುವ ಹೊತ್ತಿಗೇ ಅವನು ಬಿಸಿನೀರಿನ ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಬಿಳಚಿಹೋಗಿದ್ದ.

ಬಾವ್-ಚೂ ಕನ್ನಡಕ ಹಾಕಿಕೊಂಡಳು. ವರದಿಯನ್ನು ಮೇಜಿನ ಮೇಲಿಟ್ಟು, ಸುಕ್ಕು ಹೋಗುವಂತೆ ಅಂಗೈಯಿಂದ ಎರಡು ಸಲ ನೀವಿದಳು.

"ಡಾಕ್ಟರೇ, ಇದೆಲ್ಲ ಉತ್ತರ. ಪ್ರಶ್ನೆ ಏನು ಕೇಳಿದ್ರಿ?"

"ಅಂದ್ರೆ?"

"ಪ್ರಶ್ನೆ ಗೊತ್ತಿಲ್ದೆ ಉತ್ತರ ಓದೋಕಾಗಲ್ಲ. ಮದುವೆ ವಿಷಯ ಕೇಳಿದವನಿಗೂ ಕಳೆದುಹೋದ ನಾಯಿ ವಿಷಯ ಕೇಳಿದವನಿಗೂ ಒಂದೇ ಚೀಟಿ ಬಂದಿರುತ್ತೆ. ನೀವು ನನ್ನ ಗಡ್ಡೇನ ಏನಂತ ಕೇಳಿದ್ರಿ?"

ಫಾಂಗ್ ಡಾಕ್ಟರು ಅವತ್ತು ಮೊದಲ ಸಲ ಪರದೆಯಿಂದ ಕಣ್ಣು ತೆಗೆದರು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ನಿಧಾನವಾಗಿ, ಒಂದೊಂದೇ ಬೆರಳು ಮಡಚುತ್ತ ಹೇಳಿದರು. "ನಾಲ್ಕು ಪ್ರೋಟೀನು ಹುಡುಕಿದ್ವಿ ಚಿಕ್ಕಮ್ಮ. ಮೊದಲ ಎರಡಕ್ಕೆ ಕೇಳಿದ್ದು, ನೀನು ಹೆಣ್ಣಿನ ಹಾರ್ಮೋನು ತಿಂದು ಬೆಳೀತೀಯಾ ಅಂತ. ಹೌದು ಅಂತು. ಅದು ಒಳ್ಳೇದು, ಊಟ ನಿಲ್ಲಿಸೋ ಮಾತ್ರೆ ನಮ್ಮ ಹತ್ರ ಇದೆ. ಕೊನೇದಕ್ಕೆ ಕೇಳಿದ್ದು, ಎಷ್ಟು ಅವಸರದಲ್ಲಿದೀಯ ಅಂತ. ನೂರು ಜೀವಕೋಶದಲ್ಲಿ ಹದಿನೆಂಟು ಒಡೆದು ಎರಡಾಗೋ ತಯಾರಿಯಲ್ಲಿವೆ. ತೀರ ಅವಸರ ಅಲ್ಲ."

"ನಡುವಿನದು?"

"ಹರ್-ಟೂ. ಅದು ಜೀವಕೋಶದ ಮೈಮೇಲೆ ಇರೋ ಪ್ರೋಟೀನು. ತುಂಬ ಜಾಸ್ತಿ ಇದ್ರೆ ಗಡ್ಡೆ ಒರಟು, ಆದ್ರೆ ಅದಕ್ಕೇ ಅಂತ ಬೇರೆ ಔಷಧಿ ಇದೆ. ಸೊನ್ನೆ, ಒಂದು ಅಂದ್ರೆ ಇಲ್ಲ. ಮೂರು ಅಂದ್ರೆ ಇದೆ. ನಿಮ್ಮದು ಎರಡು."

"ಎರಡು ಅಂದ್ರೆ?"

ಡಾಕ್ಟರು ತಡವರಿಸಿದರು. "ಎರಡು ಅಂದ್ರೆ... ಹೌದೂ ಅಲ್ಲ, ಅಲ್ಲವೂ ಅಲ್ಲ. ಇನ್ನೊಂದು ಪರೀಕ್ಷೆ ಮಾಡಿ ಮತ್ತೆ ಕೇಳಬೇಕು."

ಬಾವ್-ಚೂ ಕನ್ನಡಕ ತೆಗೆದು ಗಂಡನ ಕಡೆ ತಿರುಗಿ ಗಹಗಹಿಸಿ ನಕ್ಕಳು. "ಕೇಳಿದ್ಯಾ ಮುದಿ ಕೋತಿ? ನಗುವ ತುಂಡು ಬಿದ್ದಿದೆ!"

ನಮ್ಮಲ್ಲಿ ದೇವರನ್ನು ಕೇಳಲು ಅರ್ಧಚಂದ್ರದ ಎರಡು ಕೆಂಪು ಮರದ ತುಂಡು ಎಸೆಯುತ್ತೇವೆ. ಒಂದು ಬೋರಲು ಒಂದು ಅಂಗಾತ ಬಿದ್ದರೆ ಹೌದು. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆ, ಪ್ರಶ್ನೆ ಸರಿಮಾಡಿಕೊಂಡು ಮತ್ತೆ ಕೇಳು ಅಂತ ಅರ್ಥ.

"ಇಂಥ ಹೊತ್ತಲ್ಲಿ ಯಾವ ದೇವರು ನಗ್ತಾನೆ?" ಅಂದ ಅ-ತೆಕ್, ಸಣ್ಣ ದನಿಯಲ್ಲಿ.

"ನಿನ್ನ ಮುಖ ನೋಡಿದ ಯಾವ ದೇವರಾದ್ರೂ ನಗ್ತಾನೆ" ಅಂತ ಅವಳು ಫ್ಲಾಸ್ಕು ಕಿತ್ತುಕೊಂಡು ಅವನಿಗೇ ನೀರು ಬಗ್ಗಿಸಿ ಕೊಟ್ಟಳು.

ಎರಡನೇ ಪರೀಕ್ಷೆಯ ಉತ್ತರ ಬರಲು ಎರಡು ವಾರ. ಆ ಎರಡು ವಾರ ಅವಳು ಮನೆಯಲ್ಲಿ ಕೂರಲಿಲ್ಲ. ಹೃದಯದ ಪರೀಕ್ಷೆ, ಸ್ಕ್ಯಾನು ಅಂತ ಬಂದಾಗಲೆಲ್ಲ ಬೇಗನೇ ಬಂದು ರೋಗಿಗಳು ಕಾಯುವ ನಮ್ಮ ಹಜಾರದಲ್ಲಿ, ಟೋಕನ್ ಯಂತ್ರದ ಪಕ್ಕದ ಕುರ್ಚಿ ಹಿಡಿಯುತ್ತಿದ್ದಳು. ಪೇಟೆಯ ಹೆಂಗಸೊಬ್ಬಳು ಅವಳ ಗುರುತು ಹಿಡಿದಳು. ಒಬ್ಬಳು ವರದಿ ತಂದು ತೋರಿಸಿದಳು, ಅವಳನ್ನು ನೋಡಿ ಇನ್ನೊಬ್ಬಳು ತಂದಳು. ಒಂದು ಗುರುವಾರ ನಾನು ಬಾಗಿಲು ತೆರೆದು ನೋಡಿದರೆ ಡಾಕ್ಟರ ಕೋಣೆಯ ಮುಂದೆ ಮೂರು ಜನ, ಬಾವ್-ಚೂ ಮುಂದೆ ಹನ್ನೊಂದು ಜನರ ಸಾಲು.

ನಾನು ಅವಳ ತೋಳು ಹಿಡಿದು ಮೂಲೆಗೆ ಎಳೆದೆ. "ಚಿಕ್ಕಮ್ಮ, ಏನು ಮಾಡ್ತಿದೀರಿ? ನನ್ನ ಕೆಲಸ ಹೋಗುತ್ತೆ!"

"ನಾನೇನೂ ಭವಿಷ್ಯ ಹೇಳ್ತಿಲ್ಲ ಯಾ-ಲಿಂಗ್. ಡಾಕ್ಟರನ್ನ ಏನು ಕೇಳಬೇಕು ಅಂತ ಬರೆಸ್ತಿದೀನಿ, ಅಷ್ಟೇ. ಆ ಹುಡುಗಿ ನೋಡು, ಮೂರು ಸಲ ಒಳಗೆ ಹೋಗಿ ಬಂದಿದಾಳೆ, ಕೂದಲು ಉದುರುತ್ತಾ ಅಂತ ಕೇಳೋಕೆ ನಾಚಿಕೆ ಅಂತೆ."

ನಿಜಕ್ಕೂ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚೀಟಿಯಿತ್ತು, ಅದರಲ್ಲಿ ಎರಡೋ ಮೂರೋ ಪ್ರಶ್ನೆ. ನಾನು ಅವಳ ತೋಳು ಬಿಟ್ಟೆ.

ಅಷ್ಟರಲ್ಲಿ ಲಿಯಾವ್ ಮೇ-ಕ್ವೇ ಬಂದಳು. ಮೀನಿನ ಉಂಡೆಯ ಸಾರು ಮಾರುವವಳು, ಐವತ್ತರ ಆಸುಪಾಸು, ದಪ್ಪ ಕಂಠ. ಕೈಯಲ್ಲಿ ಅನಾನಸ್ ಕೇಕಿನ ದೊಡ್ಡ ಡಬ್ಬಿ. ಹಜಾರದಲ್ಲಿದ್ದ ಎಲ್ಲರಿಗೂ ಒಂದೊಂದು ಹಂಚುತ್ತ ಬರುತ್ತಿದ್ದಳು.

"ತಗೋಳಿ, ತಗೋಳಿ! ನನ್ನ ವರದಿ ಮೊಬೈಲಿಗೆ ಬಂತು. ಮೂರೂ ನೆಗೆಟಿವ್! ಒಂದಲ್ಲ, ಎರಡಲ್ಲ, ಮೂರು! ನನಗೆ ಏನೂ ಇಲ್ಲ!"

ಹಾರ್ಮೋನಿನವು ಎರಡು, ಹರ್-ಟೂ ಒಂದು, ಆ ಮೂರು ಪ್ರೋಟೀನೂ ಇಲ್ಲ ಅಂದರೆ ರೋಗವಿಲ್ಲ ಅಂತಲ್ಲ. ರೋಗ ಇದ್ದೇ ಇದೆ, ಅದನ್ನು ಹಿಡಿಯಲು ನಮಗೆ ಸುಲಭದ ಹಿಡಿಕೆ ಮೂರೂ ಇಲ್ಲ ಅಂತ. ಹೇಳಬೇಕಾದವಳು ನಾನೇ. ಆದರೆ ಬಾಯಲ್ಲಿ ಆಗಲೇ ಅವಳ ಕೇಕಿತ್ತು.

ಬಾವ್-ಚೂ ಆ ಮೊಬೈಲು ಇಸಿದುಕೊಂಡು ನೋಡಿದಳು. ಅವಳಿಗೆ ಆ ಪದಗಳು ತಿಳಿದಿರಲಿಲ್ಲ. ಆದರೆ ಓದುತ್ತ ಓದುತ್ತ ನನ್ನ ಮುಖ ನೋಡಿದಳು, ಮತ್ತೆ ಮೊಬೈಲು ನೋಡಿದಳು.

"ತಂಗೀ, ಇದನ್ನ ನಾನು ಓದಲ್ಲ."

"ಯಾಕಕ್ಕಾ? ಎಲ್ರದ್ದೂ ಓದ್ತೀಯಂತೆ."

"ನನಗೆ ಗೊತ್ತಿಲ್ಲದ್ದನ್ನ ಓದಲ್ಲ. ನಡಿ, ಫಾಂಗ್ ಹತ್ರ ಹೋಗೋಣ. ಕೇಕು ತಗೊಂಡೇ ಬಾ."

ಮೂವರೂ ಒಳಗೆ ಹೋದೆವು. ಡಾಕ್ಟರು ಪರದೆಯಲ್ಲಿ ಮೇ-ಕ್ವೇ ಹೆಸರು ತೆರೆದು, ಅದಕ್ಕೇ ಹೇಳತೊಡಗಿದರು. "ಟ್ರಿಪಲ್ ನೆಗೆಟಿವ್, ಸಾಮಾನ್ಯವಾಗಿ ಬೆಳವಣಿಗೆ ವೇಗ ಜಾಸ್ತಿ..."

ಬಾವ್-ಚೂ ಮೇಜು ತಟ್ಟಿದಳು. "ಆ ಟೀವಿಗೆ ಕ್ಯಾನ್ಸರ್ ಬಂದಿಲ್ಲ ಡಾಕ್ಟರೇ. ಇವಳಿಗೆ ಬಂದಿರೋದು. ಈ ಕಡೆ ನೋಡಿ."

ಫಾಂಗ್ ಡಾಕ್ಟರ ಕಿವಿ ಕೆಂಪಾಯಿತು. ಅವರು ಕುರ್ಚಿ ತಿರುಗಿಸಿಕೊಂಡು ಮೇ-ಕ್ವೇ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

"ಮೇ-ಕ್ವೇ ಅಕ್ಕಾ, ಕಾಯಿಲೆ ಇದೆ. ಬೇರೆಯವರ ಗಡ್ಡೆಗೆ ಒಂದೋ ಎರಡೋ ಬಾಗಿಲು ಇರುತ್ತೆ, ಅದಕ್ಕೆ ಸರಿಯಾದ ಬೀಗದ ಕೈ ನಮ್ಮ ಹತ್ರ ಇದೆ. ನಿಮ್ಮದಕ್ಕೆ ಆ ಬಾಗಿಲುಗಳೇ ಇಲ್ಲ. ಅದಕ್ಕೇ ಗೋಡೆ ಒಡೆಯಬೇಕು. ಕೀಮೋ ಅಂದ್ರೆ ಅದು. ಕಷ್ಟ ಆಗುತ್ತೆ. ಆದ್ರೆ ಇಂಥ ಗೋಡೆ ಎಷ್ಟೋ ಸಲ ಚೆನ್ನಾಗಿ ಬೀಳುತ್ತೆ. ಬೇಗ ಶುರುಮಾಡೋಣ."

ಮೇ-ಕ್ವೇ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಮಡಿಲಲ್ಲಿದ್ದ ಡಬ್ಬಿ ನೋಡಿ ಕೇಳಿದಳು: "ಹಾಗಾದ್ರೆ ಈ ಕೇಕು?"

"ತಿನ್ನಿ" ಅಂದರು ಡಾಕ್ಟರು. "ತೂಕ ಕಳ್ಕೋಬಾರ್ದು. ನನಗೂ ಒಂದು ಕೊಡಿ, ಇನ್ನೂ ಊಟ ಆಗಿಲ್ಲ."

ಬಾವ್-ಚೂ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. "ಹುಡುಗ ಪರವಾಗಿಲ್ಲ. ತಿದ್ದಿದ್ರೆ ದಾರಿಗೆ ಬರ್ತಾನೆ" ಅಂದಳು. ಆಮೇಲೆ ಕೈಚೀಲದಿಂದ ತನ್ನದೇ ವರದಿ ತೆಗೆದು ನೋಡಿ, ಮತ್ತೆ ಒಳಗಿಟ್ಟಳು.

ಮುಂದಿನ ವಾರ ಆಡಳಿತ ಕಚೇರಿಯಿಂದ ನನಗೆ ಕರೆ ಬಂತು. ಯಾರೋ ದೂರು ಬರೆದಿದ್ದರು: ಸ್ತನ ವಿಭಾಗದಲ್ಲಿ ಶಕುನ ಹೇಳುವವಳೊಬ್ಬಳು ಮೇಜು ಹಾಕಿದ್ದಾಳೆ, ಅವಳ ಸಾಲು ಡಾಕ್ಟರ ಸಾಲಿಗಿಂತ ಬೇಗ ಸಾಗುತ್ತದೆ, ಆಸ್ಪತ್ರೆ ಇದನ್ನು ಗಮನಿಸಬೇಕು. ಅದು ದೂರೋ ಹೊಗಳಿಕೆಯೋ ಅಂತ ಅಧಿಕಾರಿಗೂ ಗೊತ್ತಾಗಿರಲಿಲ್ಲ. ಬಾವ್-ಚೂಳನ್ನೂ ಕರೆಸಿದ್ದರು. ಫಾಂಗ್ ಡಾಕ್ಟರು ಕರೆಯದೇ ಬಂದು ನಿಂತರು.

"ಸರ್, ಈಚೆಗೆ ರೋಗಿಗಳು ಪ್ರಶ್ನೆ ಬರ್ಕೊಂಡು ಬರ್ತಿದಾರೆ. ನಾನು ಹೇಳಿದ್ದು ಅವರಿಗೆ ಅರ್ಥ ಆಗ್ತಿದೆ. ಅದಕ್ಕೂ ಮುಖ್ಯವಾಗಿ, ನಾನು ಏನು ಹೇಳ್ತಿದೀನಿ ಅಂತ ನನಗೂ ಅರ್ಥ ಆಗ್ತಿದೆ" ಅಂದರು.

ಅಧಿಕಾರಿ ಯೋಚಿಸಿ, ಅವಳನ್ನು ಸ್ವಯಂಸೇವಕಿ ಅಂತ ದಾಖಲು ಮಾಡಿಕೊಳ್ಳಲು ಒಪ್ಪಿದರು. ತೋಳಿಲ್ಲದ ಹಳದಿ ಕೋಟು ಕೊಡುತ್ತಾರೆ. ಎರಡು ಷರತ್ತು. ಚಿಕಿತ್ಸೆಯ ಸಲಹೆ ಕೊಡಬಾರದು, ಆಸ್ಪತ್ರೆಯೊಳಗೆ ದೇವರ ಹೆಸರು ಎತ್ತಬಾರದು.

"ಮೊದಲನೇದು ನ್ಯಾಯ" ಅಂದಳು ಬಾವ್-ಚೂ. "ಎರಡನೇದು ನನ್ನ ಕೈಲಿಲ್ಲ. ಇಂಜೆಕ್ಷನ್ ಚುಚ್ಚಿದಾಗ ಎಲ್ರೂ ದೇವರೇ ಅಂತಾರೆ. ಅವರಿಗೆ ಮೊದಲು ಹೇಳಿ."

ಷರತ್ತು ಒಂದಕ್ಕೆ ಇಳಿಯಿತು.

ಅವಳದೇ ಎರಡನೇ ಪರೀಕ್ಷೆಯ ಉತ್ತರವೂ ಬಂತು: ಹರ್-ಟೂ ಇಲ್ಲ. ಎರಡು ಪ್ಲಸ್ಸು ಕೊನೆಗೆ 'ಇಲ್ಲ' ಎಂಬ ಕಡೆಗೆ ಬಿತ್ತು. ಶಸ್ತ್ರಚಿಕಿತ್ಸೆ ಆಯಿತು, ಗಡ್ಡೆ ತೆಗೆದರು, ಕಂಕುಳಿನ ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಎಲ್ಲ ಸುಸೂತ್ರ ಅನ್ನುವಾಗ ತೆಗೆದ ಗಡ್ಡೆಯ ವರದಿಯಲ್ಲಿ ಆ ಅವಸರದ ಲೆಕ್ಕ, ಅಂದರೆ ಕೆಐ ಅರವತ್ತೇಳು, ಹದಿನೆಂಟರ ಬದಲು ಇಪ್ಪತ್ತನಾಲ್ಕು ಬಂತು.

ಬಾವ್-ಚೂ ಎರಡೂ ವರದಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. "ಒಂದೇ ಗಡ್ಡೆ. ಒಂದೇ ಪ್ರಶ್ನೆ. ಎರಡು ಉತ್ತರ. ನಮ್ಮ ಚೀಟಿ ಹಿಂಗೆ ಮಾಡಿದ್ರೆ ಮೂಢನಂಬಿಕೆ ಅಂತೀರಿ. ನಿಮ್ಮದು ಮಾಡಿದ್ರೆ?"

"ವಿಜ್ಞಾನ" ಅಂದರು ಫಾಂಗ್ ಡಾಕ್ಟರು, ಈಗ ನಗುತ್ತ. "ಚಿಕ್ಕಮ್ಮ, ನಿಮ್ಮ ಓಣೀಲಿ ನೂರು ಮನೆ ಇದೆ ಅನ್ನಿ. ಹನ್ನೊಂದು ಗಂಟೆಗೆ ಎಷ್ಟು ಮನೇಲಿ ಒಲೆ ಉರೀತಿದೆ ಅಂತ ಎಣಿಸಿದ್ರೆ ಹದಿನೆಂಟು. ಪಕ್ಕದ ಓಣೀಲಿ ಇಪ್ಪತ್ತನಾಲ್ಕು. ಸೂಜಿಯಲ್ಲಿ ತೆಗೆದಿದ್ದು ಒಂದು ಓಣಿ. ಈಗ ಇಡೀ ಊರು ಸಿಕ್ಕಿದೆ. ಅದೂ ಅಲ್ದೆ ಎಣಿಸೋರು ಮನುಷ್ಯರು. ತೀರ ಕಡಿಮೆ ಇದ್ರೆ, ತೀರ ಹೆಚ್ಚಿದ್ರೆ ಎಲ್ರ ಲೆಕ್ಕಾನೂ ಒಂದೇ. ನಡುವೆ ಇದ್ರೆ ಇಬ್ಬರು ಎಣಿಸಿದಾಗ ಎರಡು ಲೆಕ್ಕ."

"ನಾನು ನಡುವೆ."

"ನೀವು ನಡುವೆ."

ಮಾತ್ರೆ ಐದು ವರ್ಷ, ವಿಕಿರಣ ನಾಲ್ಕು ವಾರ ಖಂಡಿತ ಬೇಕು. ಕೀಮೋ ಬೇಕೋ ಬೇಡವೋ ಅನ್ನುವುದು ಗಡಿಯ ಮೇಲಿದೆ, ನೀವೇ ಯೋಚಿಸಿ ಹೇಳಿ ಅಂದರು.

ಅವಳಿಗೆ ತೀರ್ಮಾನ ಮಾಡಲು ಆಗಲಿಲ್ಲ. ಮೂವತ್ತು ವರ್ಷ ಬೇರೆಯವರ ಚೀಟಿ ಬಿಡಿಸಿ ಹೇಳಿದವಳು ತನ್ನ ಕಾಗದ ಹಿಡಿದು ಮೂರು ದಿನ ಊಟ ಬಿಟ್ಟಳು. ದೇವಸ್ಥಾನಕ್ಕೆ ಹೋದಳು, ಕೆಂಪು ತುಂಡುಗಳನ್ನು ಕೈಗೆ ತೆಗೆದುಕೊಂಡಳು, ಎಸೆಯದೆ ವಾಪಸ್ ಇಟ್ಟಳು. ಯಾಕೆ ಅಂತ ಕೇಳಿದ್ದಕ್ಕೆ ನನಗೆ ಹೇಳಿದಳು: "ಬಿದ್ದಿದ್ದು ನನಗೆ ಬೇಡವಾದ ಉತ್ತರ ಆದ್ರೆ ಮತ್ತೆ ಎಸೀತೀನಿ ಯಾ-ಲಿಂಗ್. ಬೇಕಾದ್ದು ಬೀಳೋವರೆಗೂ ಎಸೀತೀನಿ. ಎಷ್ಟು ಜನ ಹಾಗೆ ಮಾಡಿದ್ದನ್ನ ನೋಡಿ ನಕ್ಕಿದೀನಿ."

ನಾಲ್ಕನೇ ದಿನ ಅ-ತೆಕ್ ಒಬ್ಬನೇ ಬಂದ. ಇಸ್ತ್ರಿ ಮಾಡಿದ ಹಳೇ ಡ್ರೈವರ್ ಅಂಗಿ ತೊಟ್ಟಿದ್ದ. ಡಾಕ್ಟರ ಎದುರು ನಿಂತು, ಕೈಯಲ್ಲಿದ್ದ ಚೀಟಿ ನೋಡಿ ಶಾಲೆಯ ಪಾಠ ಒಪ್ಪಿಸುವಂತೆ ಓದಿದ.

"ಒಂದು. ಕೀಮೋ ಕೊಟ್ರೆ ಏನಾಗುತ್ತೆ? ಎರಡು. ಕೊಡದಿದ್ರೆ ಏನಾಗುತ್ತೆ? ಮೂರು. ನಿಮಗೆ ಎಷ್ಟು ಖಾತ್ರಿ?"

"ನಿಮ್ಮ ಹೆಂಡತಿಯಂಥ ನೂರು ಜನಕ್ಕೆ ಕೊಟ್ರೆ ಅದರಿಂದ ಹೆಚ್ಚಿಗೆ ಉಪಯೋಗ ಆಗೋದು ಇಬ್ಬರಿಗೋ ಮೂವರಿಗೋ. ಸುಸ್ತು, ವಾಂತಿ, ಸೋಂಕಿನ ಭಯ ನೂರು ಜನಕ್ಕೂ. ಖಾತ್ರಿ ನನಗಿಲ್ಲ ಮಾವ. ಆ ಇಬ್ಬರು ಯಾರು ಅಂತ ನನಗೆ ಗೊತ್ತಿಲ್ಲ. ನಮ್ಮಮ್ಮ ಆಗಿದ್ರೆ ಮಾತ್ರೆ ಸಾಕು ಅಂತಿದ್ದೆ."

ಅ-ತೆಕ್ ಪ್ರತಿ ಮಾತನ್ನೂ ಬರೆದುಕೊಂಡ. ಮನೆಗೆ ಹೋಗಿ ಹೆಂಡತಿಯನ್ನು ಕೂರಿಸಿ, ಕನ್ನಡಕ ಹಾಕಿಕೊಂಡು ಓದಿ ಹೇಳಿದನಂತೆ. ಎರಡು ಸಲ ಓದಿಸಿದಳಂತೆ. ಆಮೇಲೆ ಕೇಳಿದಳಂತೆ, "ನೀನೇನು ಹೇಳ್ತೀಯ?"

"ನಾನು ಜೀವನದಲ್ಲಿ ಯಾವತ್ತೂ ಓವರ್‌ಟೇಕ್ ಮಾಡಿದವನಲ್ಲ. ಮಾತ್ರೆ ತಗೊಂಡು ನಿಧಾನಕ್ಕೆ ಹೋಗೋಣ. ದಿನಾ ಬೆಳಗ್ಗೆ ಮಾತ್ರೆ ನಾನು ಕೊಡ್ತೀನಿ."

ಅವಳು ಅವತ್ತು ಎರಡು ಬಟ್ಟಲು ಗಂಜಿ ಕುಡಿದಳು.

ಮಾತ್ರೆಗೆ ಕೀಲುನೋವು ಬಂತು. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದೆ ಡಾಕ್ಟರಿಗೂ ಗಂಡನಿಗೂ ಒಟ್ಟಿಗೆ ಶಾಪ ಹಾಕುತ್ತಿದ್ದಳು. ಅ-ತೆಕ್ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಹೆಂಡತಿ ಶಪಿಸುವಷ್ಟು ಹೊತ್ತೂ ಬಿಸಿನೀರು ಹಿಡಿದು ನಿಂತಿರುತ್ತಿದ್ದ. ಮೇ-ಕ್ವೇಗೆ ಕೀಮೋದಲ್ಲಿ ಕೂದಲು ಪೂರ್ತಿ ಉದುರಿ, ಮತ್ತೆ ಗುಂಗುರಾಗಿ ಬಂತು. ಪಾರ್ಲರಿಗೆ ಹೋಗದೆ ಗುಂಗುರು ಬಂತು ಅಂತ ಇಡೀ ಮಾರುಕಟ್ಟೆಗೆ ತೋರಿಸಿದಳು. ಅವಳು ಸಾರು ಕಾಯಿಸುವುದನ್ನು ಬಿಟ್ಟಿಲ್ಲ.

ಬಾವ್-ಚೂಗೆ ಈಗ ಎಪ್ಪತ್ತೆರಡು. ಐದು ವರ್ಷದ ಮಾತ್ರೆ ಮುಗಿದಿದೆ. ದೇವಸ್ಥಾನದ ಮೇಜನ್ನು ಸೊಸೆಗೆ ಬಿಟ್ಟುಕೊಟ್ಟು ವಾರಕ್ಕೆರಡು ದಿನ ಹಳದಿ ಕೋಟು ಹಾಕಿಕೊಂಡು ನಮ್ಮಲ್ಲಿಗೆ ಬರುತ್ತಾಳೆ. ಹೋದ ತಿಂಗಳು ನಡೆದದ್ದನ್ನು ಹೇಳಬೇಕು.

ಐವತ್ತೆಂಟರ ಒಬ್ಬ ಕ್ರೇನ್ ಚಾಲಕ ಬಂದು ಹಜಾರದ ಕೊನೆಯ ಕುರ್ಚಿಯಲ್ಲಿ ಕೂತ. ತಲೆಗೆ ಸ್ಕೂಟರಿನ ಹೆಲ್ಮೆಟ್ಟು, ಮೂಗಿಗೆ ಮಾಸ್ಕು, ಹೆಲ್ಮೆಟ್ಟಿನ ಗಾಜೂ ಕೆಳಗಿಳಿಸಿತ್ತು. ಒಂದು ಗಂಟೆ ಕಳೆದರೂ ತೆಗೆಯಲಿಲ್ಲ. ಬಾವ್-ಚೂ ಹೋಗಿ ಪಕ್ಕದಲ್ಲಿ ಕೂತಳು.

"ಹೆಂಡತಿ ಒಳಗಿದಾಳಾ?"

"ಇಲ್ಲ. ಮನೇಲಿದಾಳೆ."

"ರೋಗಿ ಮನೇಲಿ, ಗಂಡ ಆಸ್ಪತ್ರೇಲಿ. ಚೆನ್ನಾಗಿದೆ."

ಅವನು ನೆಲ ನೋಡುತ್ತ ಹೇಳಿದ: "ರೋಗಿ ನಾನೇ."

ಗಂಡಸರಿಗೂ ಅಪರೂಪಕ್ಕೆ ಸ್ತನದ ಕ್ಯಾನ್ಸರ್ ಬರುತ್ತದೆ. ಬಾವ್-ಚೂ ಅಂಥವನನ್ನು ನೋಡಿದ್ದು ಅದೇ ಮೊದಲು. ಅವಳು ಅವನ ಹೆಲ್ಮೆಟ್ಟಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದಳು.

"ತೆಗಿ ಮಗಾ. ಇಲ್ಲಿ ಯಾರೂ ಬಂದು ಡಿಕ್ಕಿ ಹೊಡೆಯಲ್ಲ."

"ಇಲ್ಲಿ ಎಲ್ಲ ಹೆಂಗಸರೇ."

"ಹೌದು. ಕ್ರೇನ್ ಮೇಲೆ ಎಲ್ಲ ಗಂಡಸರೇ ಇರ್ತಾರಲ್ಲ, ಅಲ್ಲಿ ನಿನಗೆ ಇಷ್ಟು ಕರ್ಚೀಫು ಯಾರು ಕೊಡ್ತಾರೆ?"

ಅವನಿಗೆ ನಗು ಬಂತು, ನಗುತ್ತಲೇ ಅಳು ಬಂತು. ಗಾಜು ಕೆಳಗಿದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ, ಕೊನೆಗೆ ಹೆಲ್ಮೆಟ್ಟು ತೆಗೆಯಲೇಬೇಕಾಯಿತು. ಹೆಂಡತಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ ಅಂದ. ಬಾವ್-ಚೂ ಅವನ ಕೈಗೆ ಮೇ-ಕ್ವೇ ಅಂಗಡಿಯ ವಿಳಾಸ ಕೊಟ್ಟು, ಇವತ್ತು ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗು, ಬಿಸಿ ಸಾರು ಮುಂದಿರುವಾಗ ಹೇಳೋದು ಸುಲಭ ಅಂದಳು.

ಮುಂದಿನ ವಾರ ಅವರಿಬ್ಬರೂ ಬಂದರು. ಹೆಂಡತಿ ಮುಂದೆ ಮುಂದೆ ಬಿರಬಿರನೆ ನಡೆದು ಬಂದು, ಗಂಡನ ವರದಿಯನ್ನು ಬಾವ್-ಚೂ ಕೈಗಿಟ್ಟು, "ಅಕ್ಕಾ, ನನ್ನ ಹತ್ರ ಹದಿನೇಳು ಪ್ರಶ್ನೆ ಇದೆ" ಅಂದಳು.